ಯಾರ ಕೈ? ವೈದ್ಯಚರಿತ್ರೆಯ ಒಂದು ಪಾಠದ ಓದು

1

ದಲಿತ ವಿಮರ್ಶೆ ಅಂದಕೂಡಲೆ ನಾವು ಕತೆ, ಕವಿತೆ, ಆತ್ಮಕತೆಗಳ ಕಡೆಗೇ ಹೊರಳುತ್ತೇವೆ. ಎಂ.ಎ. ಓದುವಾಗ ನಾನೂ ಹಾಗೆಯೇ ತಿಳಿದಿದ್ದೆ. ಕಾದಂಬರಿಯೊಂದರಲ್ಲಿ ಕೇರಿಯ ಜನ ಹೇಗೆ ಬಂದಿದ್ದಾರೆ, ಯಾರ ಕಣ್ಣಿಂದ ಬಂದಿದ್ದಾರೆ ಎಂದು ಸೆಮಿನಾರುಗಳಲ್ಲಿ ಜಗಳ ಆಡಿದ್ದೇವೆ. ಆ ಜಗಳ ಬೇಕಿತ್ತು. ಆದರೆ ಒಂದು ಕಾದಂಬರಿಯನ್ನು ಹೆಚ್ಚೆಂದರೆ ಕೆಲವು ಸಾವಿರ ಜನ ಓದುತ್ತಾರೆ. ಪಠ್ಯಪುಸ್ತಕವನ್ನು ವರ್ಷ ವರ್ಷವೂ ದೇಶದ ಉದ್ದಗಲಕ್ಕೂ ಓದುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಅದರ ಬಗ್ಗೆ ವಿಮರ್ಶೆಯನ್ನು ಮಾತ್ರ ಯಾರೂ ಬರೆಯುವುದಿಲ್ಲ. ಇಲ್ಲಿ ನಾನು ಅಂಥ ಒಂದು ಪುಸ್ತಕದ ಮೊದಲ ಅಧ್ಯಾಯದ ಮೂರೇ ಮೂರು ಮಾತುಗಳನ್ನು ಓದಲು ಹೊರಟಿದ್ದೇನೆ.

ನಾನು ಕನ್ನಡ ಮೇಷ್ಟ್ರು. ವೈದ್ಯಕೀಯಕ್ಕೂ ನನಗೂ ಏನು ಸಂಬಂಧ ಅಂತ ಕೇಳಬಹುದು. 2019ರಿಂದ ಎಂ.ಬಿ.ಬಿ.ಎಸ್. ಮೊದಲ ವರ್ಷದ ಆರಂಭದಲ್ಲಿ ಫೌಂಡೇಶನ್ ಕೋರ್ಸ್ ಅಂತ ಒಂದು ಇದೆ. ಅದರಲ್ಲಿ ವೈದ್ಯವೃತ್ತಿಯ ಪರಿಚಯ, ವೈದ್ಯಚರಿತ್ರೆ, ನೀತಿಪಾಠ, ಜೊತೆಗೆ ಹೊರರಾಜ್ಯದಿಂದ ಬಂದವರಿಗೆ ಸ್ಥಳೀಯ ಭಾಷೆ. ಈ ಕೊನೆಯದಕ್ಕೆ ನನ್ನನ್ನು ಒಂದು ಕಾಲೇಜಿಗೆ ಕರೆದಿದ್ದರು. 'ಎಲ್ಲಿ ನೋಯುತ್ತೆ? ಎಷ್ಟು ದಿನದಿಂದ? ಬಾಯಿ ತೆಗೀರಿ, ನಾಲಿಗೆ ಚಾಚಿ' ಇಷ್ಟನ್ನು ಕಲಿಸುವುದು ನನ್ನ ಕೆಲಸ. ನನ್ನ ಪೀರಿಯಡ್ಡಿಗೆ ಮೊದಲು ವೈದ್ಯಚರಿತ್ರೆಯ ತರಗತಿ ಇರುತ್ತಿತ್ತು. ಒಂದು ದಿನ ಬೇಗ ಹೋದವನು ಹಿಂದಿನ ಬೆಂಚಿನಲ್ಲಿ ಕೂತೆ.

ಪರದೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು. ಧನ್ವಂತರಿ, ಚರಕ, ಸುಶ್ರುತ, ಹಿಪ್ಪೊಕ್ರೇಟಿಸ್, ಗೇಲನ್. 1543ರಲ್ಲಿ ಅಂಗರಚನೆಯ ಪುಸ್ತಕ ಬರೆದ ವೆಸಾಲಿಯಸ್, 1628ರಲ್ಲಿ ರಕ್ತಪರಿಚಲನೆ ಹೇಳಿದ ಹಾರ್ವೆ, 1796ರ ಜೆನ್ನರ್, ಪಾಶ್ಚರ್, ಕಾಖ್, 1928ರ ಫ್ಲೆಮಿಂಗ್. ನಲವತ್ತೈದು ನಿಮಿಷದಲ್ಲಿ ಎರಡೂವರೆ ಸಾವಿರ ವರ್ಷ. ಕೊನೆಗೆ ಒಬ್ಬ ಹುಡುಗ ಎದ್ದು 'ಇದು ಎಕ್ಸಾಮಿಗೆ ಬರುತ್ತಾ ಸರ್?' ಅಂದ. ಎಲ್ಲರೂ ನಕ್ಕರು. ಬರುತ್ತೆ, ಪಾರ್ಕ್‌ನ ಮೊದಲ ಅಧ್ಯಾಯ ನೋಡ್ಕೊಳ್ಳಿ ಎಂದು ಪಾಠ ಮಾಡಿದವರು ಹೇಳಿದರು.

'ಪಾರ್ಕ್' ಅಂದರೆ ಸಮುದಾಯ ವೈದ್ಯಶಾಸ್ತ್ರದ ದಪ್ಪ ಪಠ್ಯಪುಸ್ತಕ. 1970ರಲ್ಲಿ ಮೊದಲು ಬಂದದ್ದು, ಮತ್ತೆ ಮತ್ತೆ ಪರಿಷ್ಕರಣೆ ಕಂಡು ಇವತ್ತಿಗೂ ಹುಡುಗರ ಮೇಜಿನ ಮೇಲಿದೆ. ನಮ್ಮ ದೇಶದ ಡಾಕ್ಟರುಗಳಲ್ಲಿ ಬಹುಪಾಲು ಜನಕ್ಕೆ ವೈದ್ಯಚರಿತ್ರೆ ಎಂದರೆ ಈ ಮೊದಲ ಅಧ್ಯಾಯವೇ. ಒಬ್ಬ ವಿದ್ಯಾರ್ಥಿಯಿಂದ ಎರವಲು ತಂದು ಓದಿದೆ. ಭಾರತೀಯ ವೈದ್ಯದ ಬಗ್ಗೆ ಇರುವುದು ಒಂದು ಚಿಕ್ಕ ಭಾಗ. ಅದರಲ್ಲಿ ಮೂರು ಮಾತುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಪ್ರಾಚೀನ ಭಾರತದಲ್ಲಿ ಶುಚಿತ್ವಕ್ಕೆ ದೊಡ್ಡ ಸ್ಥಾನವಿತ್ತು, ಮನುವಿನ ಕಟ್ಟಳೆಗಳು ವೈಯಕ್ತಿಕ ಶುಚಿತ್ವದ ಸಂಹಿತೆ ಎಂಬ ಅರ್ಥದ ಮಾತು. ಎರಡು, ಬೌದ್ಧರ ಕಾಲದಲ್ಲಿ ಅಹಿಂಸೆಯ ತತ್ವದಿಂದಾಗಿ ಶಸ್ತ್ರಚಿಕಿತ್ಸೆಗೆ ಹಿನ್ನಡೆಯಾಯಿತು ಎಂಬುದು. ಮೂರು, ಮೂಗು ಜೋಡಿಸುವ ಕಲೆಯನ್ನು ಕಂಪನಿ ಕಾಲದ ಬ್ರಿಟಿಷ್ ವೈದ್ಯರು ಭಾರತೀಯ ಶಸ್ತ್ರವೈದ್ಯರಿಂದ ಕಲಿತರು ಎಂಬುದು. ಮನುವಿಗೆ ಜಮೆ, ಬುದ್ಧನಿಗೆ ಖರ್ಚು, ಭಾರತಕ್ಕೆ ಲಾಭ. ಲೆಕ್ಕ ಸರಿಯಾಗಿ ಕೂತಿದೆ.

ಬರೆದವರು ದುರುದ್ದೇಶದಿಂದ ಬರೆದರೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಹೇಳುವುದನ್ನೇ ಹೇಳಿದ್ದಾರೆ. ಎಲ್ಲರೂ ಹೇಳುವುದೇ ಸತ್ಯವಾಗಿಬಿಡುವ ಬಗೆ ಯಾವುದು ಎಂಬುದೇ ನಮ್ಮ ಪ್ರಶ್ನೆ.

2

ಮೊದಲು ಮನು. ಮನುಸ್ಮೃತಿಯಲ್ಲಿ ಮಲಮೂತ್ರ ವಿಸರ್ಜನೆ, ಕೈಕಾಲು ತೊಳೆಯುವುದು, ಸ್ನಾನ ಇವುಗಳ ಬಗ್ಗೆ ಸಾಕಷ್ಟು ನಿಯಮ ಇವೆ, ನಿಜ. ಆದರೆ ಐದನೆಯ ಅಧ್ಯಾಯದ 85ನೆಯ ಶ್ಲೋಕ ನೋಡಿ. ಯಾರನ್ನು ಮುಟ್ಟಿದರೆ ಸ್ನಾನ ಮಾಡಬೇಕು ಎಂಬ ಪಟ್ಟಿ ಅಲ್ಲಿದೆ: ಚಂಡಾಲ, ಮುಟ್ಟಾದ ಹೆಂಗಸು, ಪತಿತ, ಹೆತ್ತ ಬಾಣಂತಿ, ಹೆಣ, ಹೆಣ ಮುಟ್ಟಿದವನು.

ಈ ಪಟ್ಟಿಯನ್ನು ಯಾವುದಾದರೂ ಆಸ್ಪತ್ರೆಯ ಬಾಗಿಲಿಗೆ ಹಿಡಿದು ನೋಡಿ. ಮುಟ್ಟಾದ ಹೆಂಗಸು ಸ್ತ್ರೀರೋಗ ವಿಭಾಗದಲ್ಲಿದ್ದಾಳೆ. ಬಾಣಂತಿ ಹೆರಿಗೆ ವಾರ್ಡಿನಲ್ಲಿ. ಹೆಣ ಅನಾಟಮಿ ಹಾಲಿನಲ್ಲಿ, ಶವಾಗಾರದಲ್ಲಿ. ಹೆಣ ಮುಟ್ಟಿದವನು ಮೊದಲ ವರ್ಷದ ವಿದ್ಯಾರ್ಥಿಯೇ. ಇನ್ನು ಚಂಡಾಲ, ಪತಿತ ಎಂದು ಕರೆಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಹೊರರೋಗಿ ವಿಭಾಗದ ಉದ್ದನೆಯ ಸಾಲಿನಲ್ಲಿ ಚೀಟಿ ಹಿಡಿದು ನಿಂತಿದ್ದಾರೆ. ವೈದ್ಯ ಮುಟ್ಟಲೇಬೇಕಾದ ಮೈಗಳೆಲ್ಲ ಮನು ಮುಟ್ಟಬಾರದೆಂದ ಮೈಗಳೇ. ಇದನ್ನು ಶುಚಿತ್ವದ ಸಂಹಿತೆ ಅಂತ ಒಬ್ಬ ಭಾವೀ ಡಾಕ್ಟರಿಗೆ ಕಲಿಸಿದರೆ ಅವನು ಕಲಿಯುವುದಾದರೂ ಏನನ್ನು?

ಇನ್ನೂ ಒಂದು ತಮಾಷೆ ಇದೆ. ಅದೇ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ವೈದ್ಯನ ಮನೆಯ ಅನ್ನ ಕೀವಿಗೆ ಸಮ ಅನ್ನುತ್ತದೆ. ಮೂರನೆಯ ಅಧ್ಯಾಯ ಶ್ರಾದ್ಧದ ಪಂಕ್ತಿಯಿಂದ ವೈದ್ಯನನ್ನು ಎಬ್ಬಿಸುತ್ತದೆ. ಅದಕ್ಕೂ ಹಿಂದೆ ತೈತ್ತಿರೀಯ ಸಂಹಿತೆಯಲ್ಲಿ ದೇವವೈದ್ಯರಾದ ಅಶ್ವಿನಿಗಳೇ ಮನುಷ್ಯರ ನಡುವೆ ಓಡಾಡಿ ಅಶುದ್ಧರಾದರು ಎಂಬ ಮಾತಿದೆ. ವೈದ್ಯನ ಮೇಲೆ ವೈದಿಕಕ್ಕೆ ಇದ್ದ ಈ ಹೇಸಿಗೆಯನ್ನು ದೇಬೀಪ್ರಸಾದ್ ಚಟ್ಟೋಪಾಧ್ಯಾಯರು 1977ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಅನುಭವವನ್ನು ನಂಬುವ, ಎಲ್ಲರ ಮೈಯನ್ನೂ ಒಂದೇ ಎಂದು ನೋಡಬೇಕಾದ ವಿದ್ಯೆ ಪುರೋಹಿತಶಾಹಿಗೆ ಸಹಿಸಲಾಗದ್ದು ಎಂಬುದು ಅವರ ವಾದದ ತಿರುಳು. ತಮ್ಮ ಪೂರ್ವಿಕರೆಂದು ಚರಕ ಸುಶ್ರುತರಿಗೆ ಹಾರ ಹಾಕುವ ವೈದ್ಯಕೀಯ ಶಿಕ್ಷಣವು ಅವರ ಅನ್ನವನ್ನು ಕೀವು ಎಂದವನಿಗೂ ಹಾರ ಹಾಕುತ್ತಿದೆ. ಎರಡೂ ಒಂದೇ ಭಾಗದಲ್ಲಿ!

ಶುಚಿ ಬೇರೆ, ಮಡಿ ಬೇರೆ. ಇದು ನಮ್ಮ ಊರಿನ ಯಾರಿಗಾದರೂ ಗೊತ್ತಿರುವ ವಿಷಯ. ಕೊಳಕು ನೀರಿನಲ್ಲಿ ಅದ್ದಿ ತೆಗೆದ ಬಟ್ಟೆ ಮಡಿಯಾಗಬಹುದು, ಬಿಸಿನೀರು ಸೋಪಿನಲ್ಲಿ ತೊಳೆದ ನಮ್ಮ ಕೈ ಮೈಲಿಗೆಯಾಗಿಯೇ ಇರುತ್ತದೆ. ಈ ಪುಸ್ತಕದಂಥ ವೈಜ್ಞಾನಿಕ ಪುಸ್ತಕ ಎರಡನ್ನೂ ಒಂದೇ ಪದದಲ್ಲಿ ಮುಗಿಸಿಬಿಟ್ಟಿದೆ.

ಇದೇ ದಿನಗಳಲ್ಲಿ ನನ್ನ ಕನ್ನಡ ಪೀರಿಯಡ್ಡಿನಲ್ಲಿ 'ಮುಟ್ಟು' ಎಂಬ ಪದ ಬಂತು. 'ಮುಟ್ಟಿ ನೋಡ್ತೀನಿ' ಎನ್ನುವ ವಾಕ್ಯ ಬೋರ್ಡಿನ ಮೇಲೆ ಬರೆದಿದ್ದೆ. ಆಮೇಲೆ 'ಮುಟ್ಟು ಸರಿಯಾಗಿ ಆಗುತ್ತಾ?' ಬರೆದೆ. ಕೇರಳದ ಒಬ್ಬ ಹುಡುಗಿ, ಎರಡಕ್ಕೂ ಒಂದೇ ಪದವಾ ಸರ್, ಯಾಕೆ ಅಂದಳು. ನಾನು ಮೇಷ್ಟ್ರ ಹಾಗೆ ವ್ಯಾಕರಣ ಹೇಳಿ ಜಾರಿಕೊಂಡೆ. ಮುಟ್ಟಬಾರದ ದಿನಗಳಿಗೆ ಮುಟ್ಟು ಎಂದು ಹೆಸರಿಟ್ಟ ಭಾಷೆ ನಮ್ಮದು. ಮನುವಿನ ಪಟ್ಟಿ ಸಂಸ್ಕೃತದಲ್ಲಿ ಮಾತ್ರ ಇಲ್ಲ, ನಮ್ಮ ನಾಲಿಗೆಯ ಮೇಲೂ ಇದೆ ಎಂದು ಅವಳಿಗೆ ಹೇಳಬೇಕಿತ್ತು, ಹೇಳಲಿಲ್ಲ. ಈ ಲೇಖನ ಬರೆಯಲು ಅದೂ ಒಂದು ಕಾರಣ.

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಮುಟ್ಟಿದರೆ ನೀರು ಕೆಡುತ್ತದೆ ಎಂಬ ಕೆರೆಯ ಊರಲ್ಲೇ ಸುಟ್ಟರು. ಸಾರ್ವಜನಿಕ ಆರೋಗ್ಯದ ಪಾಠದಲ್ಲಿ 1854ರ ಲಂಡನ್ನಿನ ಕತೆ ಬರುತ್ತದೆ. ಜಾನ್ ಸ್ನೋ ಎಂಬ ವೈದ್ಯ ಕಾಲರಾ ಹಬ್ಬಿಸುತ್ತಿದ್ದ ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿಕೆ ತೆಗೆಸಿದ್ದು. ಮಹಾಡದ ಚೌದಾರ್ ಕೆರೆಯ ಕತೆಯೂ ನೀರಿನದೇ, ಆರೋಗ್ಯದ್ದೇ. ಅದು ಈ ಪಾಠದಲ್ಲಿ ಬರುವುದಿಲ್ಲ.

3

ಎರಡನೆಯ ಮಾತು ಬುದ್ಧನದು. ಅಹಿಂಸೆಯಿಂದ ಶಸ್ತ್ರಚಿಕಿತ್ಸೆ ಕೆಟ್ಟಿತು ಎನ್ನುವುದು ಎಷ್ಟು ಸಲ ಕೇಳಿದ ಮಾತು! ವಿನಯಪಿಟಕದಲ್ಲಿ ದೇಹದ ಗುಪ್ತಸ್ಥಳದಲ್ಲಿ ಕತ್ತಿ ಹಾಕಬಾರದೆಂದು ಭಿಕ್ಷುಗಳಿಗೆ ಕಟ್ಟುಮಾಡಿದ ಪ್ರಸಂಗ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ವಿನಯಪಿಟಕದಲ್ಲಿ ಜೀವಕನ ಕತೆಯೂ ಇದೆ. ರಾಜಗೃಹದ ಗಣಿಕೆ ಸಾಲವತಿಯ ಮಗ, ಹುಟ್ಟಿದ ಕೂಡಲೆ ಮೊರದಲ್ಲಿಟ್ಟು ತಿಪ್ಪೆಗೆ ಎಸೆದ ಕೂಸು. ಅಭಯ ರಾಜಕುಮಾರ ಎತ್ತಿ ಸಾಕಿದ. ತಕ್ಷಶಿಲೆಗೆ ಹೋಗಿ ಏಳು ವರ್ಷ ವೈದ್ಯ ಕಲಿತ. ತಲೆಬುರುಡೆ ತೆರೆದು ಚಿಕಿತ್ಸೆ ಮಾಡಿದ, ಹೊಟ್ಟೆ ಸೀಳಿ ಗಂಟಾದ ಕರುಳು ಬಿಡಿಸಿದ ಎಂದು ಆ ಬೌದ್ಧ ಪಠ್ಯವೇ ಹೆಮ್ಮೆಯಿಂದ ಹೇಳುತ್ತದೆ. ಕತೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ತಿಪ್ಪೆಯ ಕೂಸೊಂದು ಬುದ್ಧನ ವೈದ್ಯನಾಗುವುದನ್ನು ಊಹಿಸಿಕೊಂಡ ಪರಂಪರೆಯೇ ವೈದ್ಯವನ್ನು ಕೆಡಿಸಿತು ಎನ್ನುವುದು ಹೇಗೆ?

ಇನ್ನೊಂದು ಪ್ರಸಂಗ. ಹೊಟ್ಟೆ ಕೆಟ್ಟು ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವನ್ನು ಉಳಿದವರು ಯಾರೂ ನೋಡದೆ ಬಿಟ್ಟಿದ್ದರು. ಬುದ್ಧ ಆನಂದನಿಂದ ನೀರು ತರಿಸಿ, ಇಬ್ಬರೂ ಸೇರಿ ಮೈತೊಳೆದು, ಎತ್ತಿ ಮಲಗಿಸಿದರು. ನನಗೆ ಸೇವೆ ಮಾಡಬೇಕೆನ್ನುವವರು ಕಾಯಿಲೆಯವರ ಸೇವೆ ಮಾಡಲಿ ಎಂದು ಆಮೇಲೆ ಹೇಳಿದನಂತೆ. ಕೆನೆತ್ ಝಿಸ್ಕ್ ಎಂಬ ವಿದ್ವಾಂಸರು 1991ರ ತಮ್ಮ ಪುಸ್ತಕದಲ್ಲಿ ಆಯುರ್ವೇದದ ಅನುಭವಜ್ಞಾನ ಬೆಳೆದದ್ದು ಶ್ರಮಣರ, ಅದರಲ್ಲೂ ಬೌದ್ಧ ವಿಹಾರಗಳ ನಡುವೆ ಎಂದು ವಾದಿಸಿದ್ದಾರೆ. ಒಪ್ಪಲಿ ಬಿಡಲಿ, ಈ ವಾದ ಇದೆ ಎಂದಾದರೂ ವಿದ್ಯಾರ್ಥಿಗೆ ತಿಳಿಯಬೇಡವೆ?

ಹೆಣ ಕೊಯ್ಯುವುದು ನಿಂತದ್ದಕ್ಕೆ ಅಹಿಂಸೆ ಕಾರಣವೋ ಮೈಲಿಗೆ ಕಾರಣವೋ ಎಂದು ಕೇಳಿನೋಡಿ. ಹೆಣಕ್ಕೆ ನೋವಾಗುವುದಿಲ್ಲ, ಹೆಣದಿಂದ ಮೈಲಿಗೆಯಾಗುತ್ತದೆ. ಸುಶ್ರುತ ಸಂಹಿತೆಯಲ್ಲಿ ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಬೇರು ಬಿದಿರುಗಳ ಕುಂಚದಿಂದ ಮೆಲ್ಲಗೆ ಉಜ್ಜಿ ಪದರ ಪದರವಾಗಿ ನೋಡುವ ವಿಧಾನ ಇದೆ. ಆ ಹೆಣವನ್ನು ಹೊತ್ತು ತಂದವರು ಯಾರು? ನೀರಿಗಿಳಿದು ಕಟ್ಟಿದವರು ಯಾರು? ಬಂಧುಗಳಿಲ್ಲದವರ ಹೆಣವನ್ನು ಚಂಡಾಲರು ಹೊರಬೇಕೆಂದು ಮನುವಿನ ಹತ್ತನೆಯ ಅಧ್ಯಾಯ ಕಟ್ಟುಮಾಡಿದೆ. 1836ರಲ್ಲಿ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಹೆಣದ ಮೇಲೆ ಕತ್ತಿಯಿಟ್ಟದ್ದನ್ನು ಜಾತಿ ಮೀರಿದ ದೊಡ್ಡ ಘಟನೆ ಎಂದು ಹೇಳುತ್ತಾರೆ. ದೊಡ್ಡದೇ, ಇಲ್ಲವೆನ್ನುವುದಿಲ್ಲ. ಆದರೆ ದಿನವೂ ಹೆಣ ಹೊರುವ ಡೋಮರಿಗೆ ಅದರಲ್ಲಿ ಮೀರುವಂಥದ್ದು ಏನಿತ್ತು? 2021ರಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರ ಶವಾಗಾರದ 6 ಹುದ್ದೆಗಳಿಗೆ ಸುಮಾರು 8 ಸಾವಿರ ಅರ್ಜಿ ಬಂದದ್ದು ಸುದ್ದಿಯಾಯಿತು. ಪತ್ರಿಕೆಗಳು ಅದನ್ನು 'ಡೋಮ್' ಹುದ್ದೆ ಅಂತಲೇ ಬರೆದವು. ಅಲ್ಲಿ ಜಾತಿಯ ಹೆಸರೇ ಕೆಲಸದ ಹೆಸರು. ಈಗ ನಮ್ಮ ಕಾಲೇಜುಗಳಲ್ಲಿ ಹೆಣಕ್ಕೆ 'ಮೊದಲ ಗುರು' ಎಂದು ಕೈಮುಗಿದು ಪ್ರತಿಜ್ಞೆ ಮಾಡಿಸುತ್ತಾರೆ. ಒಳ್ಳೆಯದೇ. ಗುರುವನ್ನು ಹೊತ್ತು ತಂದವನಿಗೆ ಏನೆನ್ನಬೇಕು?

4

ಮೂರನೆಯ ಮಾತು ಮೂಗಿನದು. ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವ ಕಲೆಯನ್ನು ಬ್ರಿಟಿಷರು 'ಭಾರತೀಯ ಶಸ್ತ್ರವೈದ್ಯ'ರಿಂದ ಕಲಿತರು ಎನ್ನುವಾಗ ವಿದ್ಯಾರ್ಥಿಯ ಕಣ್ಣಮುಂದೆ ಬರುವುದು ಗಡ್ಡ ಬಿಟ್ಟ, ಜನಿವಾರ ಹಾಕಿದ ಋಷಿಯ ಚಿತ್ರ. ದಾಖಲೆಯಲ್ಲಿ ಇರುವುದೇ ಬೇರೆ.

1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಝೀನ್' ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಅದಕ್ಕೂ ನಮ್ಮ ನಾಡಿಗೂ ನಂಟಿದೆ. ಕೌಸ್‌ಜಿ ಎಂಬವನು ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಎಂದು ಆ ಪತ್ರ ಹೇಳುತ್ತದೆ. ವರ್ಷದ ಮೇಲೆ ಪುಣೆಯ ಬಳಿ ಒಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆ ಹಾಸಿ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ, ಕಣ್ಣುಗಳ ನಡುವೆ ಒಂದಿಷ್ಟು ಅಂಟಿಕೊಂಡಿರುವಂತೆ ಬಿಟ್ಟು, ತಿರುಗಿಸಿ ಕೂರಿಸಿದ. ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ಬಗೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ 1816ರಲ್ಲಿ ಪುಸ್ತಕ ಬರೆದ. ಪ್ಲಾಸ್ಟಿಕ್ ಸರ್ಜರಿಯ ಆಧುನಿಕ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.

ಪುಣೆಯಲ್ಲಿ ಮೂಗು ಕಟ್ಟಿದವನು ಯಾರು? ಇಟ್ಟಿಗೆ ಮಾಡುವ ಜಾತಿಯವನು ಎಂದಷ್ಟೇ ಪತ್ರದಲ್ಲಿದೆ. ಅವನ ಹೆಸರಿಲ್ಲ. ಆ ಚಿಕಿತ್ಸೆಯನ್ನು ಕಣ್ಣಾರೆ ಕಂಡ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರಿದೆ. ಮೂಗು ಕಳೆದುಕೊಂಡವನ ಹೆಸರಿದೆ. ನೋಡಿದವರ ಹೆಸರು ಉಳಿಯಿತು, ಮಾಡಿದವನದು ಉಳಿಯಲಿಲ್ಲ. ಪಠ್ಯಪುಸ್ತಕ ಅವನ ಜಾತಿಯನ್ನೂ ತೆಗೆದು 'ಭಾರತೀಯ' ಎಂದು ಬರೆದುಕೊಂಡಿತು. ಇಟ್ಟಿಗೆಯವನಾಗಿ ಅವನಿಗೆ ಚರಿತ್ರೆಯಲ್ಲಿ ಜಾಗವಿಲ್ಲ, ಭಾರತೀಯನಾದರೆ ಇದೆ. ಅದೂ ಸುಶ್ರುತನ ನೆರಳಿನಲ್ಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸುಶ್ರುತ ಸಂಹಿತೆ ಹೇಳುವುದು ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮ ಬಳಸುವ ವಿಧಾನ. ಇಟ್ಟಿಗೆಯವನು ಬಳಸಿದ್ದು ಮೇಣದ ಅಚ್ಚು, ಹಣೆಯ ಚರ್ಮ. ಪುಸ್ತಕದಲ್ಲಿ ಇದ್ದದ್ದನ್ನು ಅವನು ಹಾಗೇ ಮಾಡಲಿಲ್ಲ. ಜೇಡಿಮಣ್ಣು, ಅಚ್ಚು, ಅಳತೆ ಇವು ಅವನ ಕಸುಬಿನ ಪರಿಚಯ. ಅವನ ಕೈ ಯೋಚನೆ ಮಾಡಿತ್ತು ಎಂದು ಒಪ್ಪಿಕೊಳ್ಳುವುದಕ್ಕೆ ನಮ್ಮ ಚರಿತ್ರೆಕಾರರಿಗೆ ಯಾಕಿಷ್ಟು ಕಷ್ಟ? ಅದೇ ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಶೂದ್ರನಿಗೆ ಉಪನಯನವಿಲ್ಲದೆ, ಮಂತ್ರ ಬಿಟ್ಟು ಕಲಿಸಬಹುದು ಎಂದು ಕೆಲವರ ಅಭಿಪ್ರಾಯ ಎಂಬ ಮಾತು ಬರುತ್ತದೆ. ಅದೂ ಒಳ್ಳೆಯ ಕುಲದ ಶೂದ್ರನಿಗೆ. ಅವನಾಚೆಗೆ ಇರುವವರ ಸುದ್ದಿಯೇ ಇಲ್ಲ. ಚರಕ ಸಂಹಿತೆಯಂತೂ ಕುರಿ ಕಾಯುವವರು, ದನ ಕಾಯುವವರು, ಕಾಡಿನಲ್ಲಿ ಇರುವವರು ಗಿಡಮೂಲಿಕೆಗಳ ಹೆಸರು ರೂಪಗಳನ್ನು ಬಲ್ಲರು ಎಂದು ಒಪ್ಪಿಕೊಂಡು, ಅದರ ಬೆನ್ನಿಗೇ ಬರಿಯ ಹೆಸರು ರೂಪ ಬಲ್ಲವನು ಪೂರಾ ಬಲ್ಲವನಲ್ಲ ಅನ್ನುತ್ತದೆ. ಜ್ಞಾನವನ್ನು ತೆಗೆದುಕೊಳ್ಳುವ, ಜ್ಞಾನಿಯನ್ನು ಹೊರಗಿಡುವ ಈ ಉಪಾಯ ಇಂದಿನದಲ್ಲ.

ಇಟ್ಟಿಗೆಯವನು ಅಸ್ಪೃಶ್ಯನಾಗಿರಲಿಲ್ಲ. ಅವನನ್ನು ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡು ಬೀಗಲು ನಾನು ಇದನ್ನು ಬರೆಯುತ್ತಿಲ್ಲ. ಕಸುಬಿನ ಕೈಗಳನ್ನು ಅಳಿಸುವ ಕ್ರಮ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ದಾಖಲೆ ಇಲ್ಲ. ಅವನ ಗತಿಯೇ ಹೀಗಾದರೆ ಅವನಿಗಿಂತ ಕೆಳಗೆ ನಿಲ್ಲಿಸಲ್ಪಟ್ಟವರ ಗತಿ ಏನು?

5

ನಮ್ಮಜ್ಜಿ ಸೂಲಗಿತ್ತಿ. ನಮ್ಮೂರ ಮೇಲಿನ ಬೀದಿಯ ಮನೆಗಳಲ್ಲೂ ಹೆರಿಗೆ ಮಾಡಿಸಿದವಳು. ಹಿತ್ತಲ ಬಾಗಿಲಿಂದ ಒಳಗೆ ಹೋಗಬೇಕು. ಮಗು ಹಿಡಿಯುವುದು, ಹೊಕ್ಕುಳಬಳ್ಳಿ ಕೊಯ್ಯುವುದು, ಕಸ ಹೂಳುವುದು, ಬಾಣಂತಿಯ ಬಟ್ಟೆ ಒಗೆಯುವುದು ಎಲ್ಲ ಅವಳದೇ. ಪುರುಡು ಕಳೆದ ಮೇಲೆ ಮೊರದಲ್ಲಿ ರಾಗಿ, ಒಂದು ಹಳೇ ಸೀರೆ. 'ಹನ್ನೊಂದು ದಿವ್ಸ ನಾನೇ ತಾಯಿ, ಹನ್ನೆರಡನೇ ದಿವ್ಸ ಆ ಮಗೀನ ಮುಟ್ಟುಸ್ಕೋತಿರ್ಲಿಲ್ಲ ಕಣ್ಲಾ' ಅನ್ನುತ್ತಿದ್ದಳು. ಬೇಸರದಿಂದ ಹೇಳುತ್ತಿರಲಿಲ್ಲ, ಮಳೆ ಬಂತು ಅನ್ನೋ ಹಾಗೆ ಹೇಳುತ್ತಿದ್ದಳು. ಅದೇ ಜನ ಅವಳ ಕೈಗುಣ ಚೆನ್ನಾಗಿದೆ ಅಂತಲೂ ಹೊಗಳುತ್ತಿದ್ದರು. ಕೈಗುಣ ಎನ್ನುವುದು ವೈದ್ಯರಿಗೆ ಕನ್ನಡ ಕೊಟ್ಟಿರುವ ಅತಿ ದೊಡ್ಡ ಬಿರುದು. ಗುಣವೂ ಇರುವ ಮೈಲಿಗೆಯೂ ಇರುವ ಕೈ ಅವಳದು.

ವೈದ್ಯಚರಿತ್ರೆಯ ತರಗತಿಯಲ್ಲಿ ಹೆರಿಗೆಯ ಕತೆ ಬರುತ್ತದೆ. ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಡಾಕ್ಟರುಗಳೂ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಬಾಣಂತಿಯರು ಸತ್ತರು, ಎರಡನೆಯದರಲ್ಲಿ ಮೂರಕ್ಕಿಂತ ಕಡಿಮೆ. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದಾರೆ ಎಂದು ಕಂಡುಕೊಂಡ ಸೆಮ್ಮೆಲ್‌ವೈಸ್ 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದ. ಸಾವು ಇಳಿಯಿತು. ಕೈ ತೊಳೆಯಲು ಹೇಳಿದನೆಂದು ದೊಡ್ಡ ಡಾಕ್ಟರುಗಳು ಅವನ ಮೇಲೆ ಸಿಟ್ಟಾದರು.

ಸೆಮ್ಮೆಲ್‌ವೈಸ್ ಕೇಳಿದ್ದು ಕೈಮೇಲೆ ಏನಿದೆ ಎಂದು. ಮನು ಕೇಳಿದ್ದು ಯಾರ ಕೈ ಎಂದು. ವಿಜ್ಞಾನಕ್ಕೂ ಜಾತಿಗೂ ಇರುವ ವ್ಯತ್ಯಾಸವನ್ನು ಒಬ್ಬ ವಿದ್ಯಾರ್ಥಿಗೆ ಹೇಳಿಕೊಡಲು ಇದಕ್ಕಿಂತ ಸರಳವಾದ ಪಾಠ ಬೇಕೆ? ಮೊದಲನೆಯ ಕೈಯನ್ನು ತೊಳೆಯಬಹುದು. ಎರಡನೆಯದು ಎಷ್ಟು ತೊಳೆದರೂ ಅಷ್ಟೆ. ಎರಡೂ ಒಂದನ್ನೊಂದು ಭೇಟಿಯಾಗುವುದೇ ಇಲ್ಲ.

ವಸಾಹತು ಕಾಲದ ಆಸ್ಪತ್ರೆಗಳೂ ಈ ಭೇಟಿ ಮಾಡಿಸಲಿಲ್ಲ. 1885ರ ಡಫರಿನ್ ಫಂಡು, 1903ರಲ್ಲಿ ಲೇಡಿ ಕರ್ಜನ್ ಶುರುಮಾಡಿದ ದಾಯಿಗಳ ತರಬೇತಿಯ ನಿಧಿ ಇವುಗಳಿಂದ ಹೆಂಗಸರಿಗೆ ಉಪಯೋಗ ಆಯಿತು. ಆದರೆ ಆ ಕಾಲದ ಬರವಣಿಗೆಯಲ್ಲಿ ತಾಯಂದಿರ ಸಾವಿಗೆ ಕೊಳಕು ದಾಯಿಯೇ ಅಪರಾಧಿ. ಹೆರಿಗೆಯನ್ನು ಮೈಲಿಗೆ ಎಂದು ಮಾಡಿ, ಗಾಳಿ ಬೆಳಕಿಲ್ಲದ ಕೋಣೆಗೆ ತಳ್ಳಿ, ಆ ಕೆಲಸವನ್ನು ಕೇರಿಯವಳ ಮೇಲೆ ಹೊರಿಸಿದ ಮನೆಯ ಯಜಮಾನ ತಪ್ಪಿಸಿಕೊಂಡ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರೆಂದು ಹೇಳುತ್ತಾರೆ. ರಾಷ್ಟ್ರಪತಿ ಭವನಕ್ಕೆ ಹೋದ ಸೂಲಗಿತ್ತಿ ವೈದ್ಯಚರಿತ್ರೆಯ ಪಾಠದೊಳಗೆ ಇನ್ನೂ ಬಂದಿಲ್ಲ.

ದೇವಿ ಹಾಕಿದ ಕತೆಯೂ ಹೀಗೆಯೇ. 1796ರಲ್ಲಿ ಜೆನ್ನರ್ ದನದ ಸಿಡುಬಿನ ರಸವನ್ನು ಮೊದಲು ಹಾಕಿದ ಎಂಟು ವರ್ಷದ ಹುಡುಗ ಜೇಮ್ಸ್ ಫಿಪ್ಸ್, ತೋಟದ ಮಾಲಿಯ ಮಗ. ಅವನ ಹೆಸರು ವಿದ್ಯಾರ್ಥಿಗಳಿಗೆ ಗೊತ್ತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೊದಲು ಹಾಕಿಸಿಕೊಂಡ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್‌ಳ ಹೆಸರೂ ಸಿಗುತ್ತದೆ. ಆಮೇಲೆ ದಶಕಗಟ್ಟಲೆ ಈ ರಸ ತೋಳಿಂದ ತೋಳಿಗೆ ದಾಟಬೇಕಿತ್ತು. ಒಂದು ಮಗುವಿನ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕು. ಹಾಗೆ ತೋಳು ಕೊಡಲು ಸಿಗುತ್ತಿದ್ದವರು ಹೆಚ್ಚಾಗಿ ಬಡವರ, ಕೆಳಜಾತಿಗಳ ಮಕ್ಕಳು. ಆ ರಸ ನಮ್ಮ ಮಕ್ಕಳ ಮೈಗೆ ಬೇಡವೆಂದು ಮೇಲ್ಜಾತಿಯವರು ತಕರಾರು ಮಾಡಿದ್ದನ್ನು ಡೇವಿಡ್ ಅರ್ನಾಲ್ಡ್ 1993ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಸಿಡುಬು ಈ ಲೋಕದಿಂದ ಹೋಯಿತೆಂದು 1980ರಲ್ಲಿ ಸಾರಿದರು. ಹೋಗುವ ದಾರಿಯಲ್ಲಿ ತೋಳು ಕೊಟ್ಟ ಆ ಮಕ್ಕಳಿಗೆ ಹೆಸರೇ ಇಲ್ಲ.

6

1816ರಲ್ಲಿ ಪ್ಯಾರಿಸಿನ ಲಾಯೆನೆಕ್ ಒಬ್ಬ ಯುವತಿಯ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಕೇಳಿದ, ಅದರಿಂದ ಸ್ಟೆತಾಸ್ಕೋಪ್ ಹುಟ್ಟಿತು. ಇದು ತರಗತಿಯಲ್ಲಿ ಎಲ್ಲರಿಗೂ ಇಷ್ಟವಾಗುವ ಕತೆ. ಮುಟ್ಟಲು ಆಗದ್ದರಿಂದ ಒಂದು ಉಪಕರಣ ಹುಟ್ಟಿತು.

ಇದರ ಪಕ್ಕದಲ್ಲಿ ಇನ್ನೊಂದು ಕತೆ ಇಡುತ್ತೇನೆ. 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಬಂದ ಒಂದು ಪತ್ರವನ್ನು ಅಂಬೇಡ್ಕರ್ ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಎತ್ತಿಕೊಟ್ಟಿದ್ದಾರೆ. ಬರೆದವರು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾಮೇಷ್ಟ್ರು. ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರುವುದಿಲ್ಲ ಎಂದ. ಊರ ದೊಡ್ಡವರು ಎರಡು ರೂಪಾಯಿ ಫೀಜಿಗೆ ಜಾಮೀನು ನಿಂತ ಮೇಲೆ, ಕೇರಿಯಿಂದ ಆಚೆ ಕರೆತಂದರೆ ನೋಡುತ್ತೇನೆ ಎಂದ. ಹಸಿ ಬಾಣಂತಿಯನ್ನು ಆಚೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗಿಟ್ಟ. ಅದೇ ದಾರಿಯಲ್ಲಿ ಅದು ವಾಪಸ್ ಬಂತು. ದೀಪದ ಬೆಳಕಲ್ಲಿ ನೋಡಿ ನ್ಯುಮೋನಿಯಾ ಎಂದ. ಔಷಧಿ ಕಳಿಸಿದ, ಮತ್ತೆ ಬರಲಿಲ್ಲ. ಆಕೆ ಸತ್ತಳು.

ಥರ್ಮಾಮೀಟರಿನ ಚರಿತ್ರೆ ಪುಸ್ತಕಗಳಲ್ಲಿ ಇದೆ. ಯಾರು ಕಂಡುಹಿಡಿದರು, ಯಾರು ಚಿಕ್ಕದು ಮಾಡಿದರು ಎಲ್ಲ ಇದೆ. ಅದು ಕಾಠಿಯಾವಾಡದಲ್ಲಿ ಮೂರು ಕೈ ದಾಟಿ ಬಂದ ಚರಿತ್ರೆ ಇಲ್ಲ. ನನ್ನ ಪ್ರಕಾರ ಭಾರತೀಯ ವೈದ್ಯಚರಿತ್ರೆಯ ಮೊದಲ ಪಾಠ ಇದಾಗಬೇಕು. ಆ ಡಾಕ್ಟರಿಗೆ ವಿಜ್ಞಾನ ಗೊತ್ತಿತ್ತು. ಜ್ವರವನ್ನು ಡಿಗ್ರಿಯಲ್ಲಿ ಓದಬಲ್ಲವನಾಗಿದ್ದ. ನಾಡಿ ಹಿಡಿಯಲಿಲ್ಲ, ಎದೆಗೆ ಕಿವಿಗೊಡಲಿಲ್ಲ. ಪಾಠ ಅವನ ತಲೆಯನ್ನು ತಲುಪಿತ್ತು, ಕೈಯನ್ನು ತಲುಪಿರಲಿಲ್ಲ. ಇದು ಹಳೆಯ ಕಾಲದ ಮಾತು ಎಂದು ಸಮಾಧಾನ ಮಾಡಿಕೊಳ್ಳುವವರು 2007ರಲ್ಲಿ ಥೋರಟ್ ಸಮಿತಿ ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ಸ್ಥಿತಿಯ ಬಗ್ಗೆ ಕೊಟ್ಟ ವರದಿಯನ್ನು ಓದಲಿ. ಹಾಸ್ಟೆಲು, ಊಟ, ಆಟ, ಪರೀಕ್ಷೆ ಎಲ್ಲದರಲ್ಲೂ ಯಾರ ಕೈ ಎಂಬ ಪ್ರಶ್ನೆಯೇ ಎದುರಾಗುತ್ತಿತ್ತು ಎಂಬುದು ಅದರಿಂದ ತಿಳಿಯುತ್ತದೆ.

7

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದೆರಡು ಮಾತು ಹೇಳಬೇಕು. ಈಗ ಎಲ್ಲೆಲ್ಲೂ ಪ್ರಾಚೀನ ಜ್ಞಾನದ ಉತ್ಸವ ನಡೆದಿದೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹಿಪ್ಪೊಕ್ರೇಟಿಸನ ಪ್ರತಿಜ್ಞೆಯ ಜಾಗಕ್ಕೆ ಚರಕ ಶಪಥವನ್ನು ಸೂಚಿಸಿದಾಗ ಜಗಳ ಎದ್ದಿತು. ಮೂಲ ಚರಕ ಸಂಹಿತೆಯ ಶಪಥದಲ್ಲಿ ಗೋಬ್ರಾಹ್ಮಣರು ಮೊದಲು ಬರುತ್ತಾರೆ, ರಾಜದ್ವೇಷಿಗಳಿಗೆ ಮದ್ದು ಕೊಡಬಾರದು ಎಂದಿದೆ. ಆಯೋಗ ಅದನ್ನೆಲ್ಲ ಕತ್ತರಿಸಿ ಸೌಮ್ಯ ಮಾಡಿಕೊಂಡಿತು. ಹಿಪ್ಪೊಕ್ರೇಟಿಸನ ಮೂಲ ಪ್ರತಿಜ್ಞೆಯೂ ವಿದ್ಯೆಯನ್ನು ಗುರುವಿನ ಮಕ್ಕಳಿಗೆ, ಆಣೆಯಿಟ್ಟ ಶಿಷ್ಯರಿಗೆ ಮಾತ್ರ ಎಂದು ಬೇಲಿ ಹಾಕಿತ್ತು. ಯಾವ ಋಷಿಯ ಹೆಸರಲ್ಲಿ ಆಣೆಯಿಡಬೇಕು ಎಂಬ ಈ ಜಗಳದಲ್ಲಿ ನಾವು ಸೇರಿಕೊಳ್ಳುವುದರಿಂದ ಏನೂ ಸಿಗದು.

ಇದಕ್ಕೆ ಎದುರಾಗಿ 'ನಮ್ಮಲ್ಲೂ ವೈದ್ಯರಿದ್ದರು, ಹಸು ಸುಲಿಯುತ್ತಿದ್ದ ನಮ್ಮ ತಾತಂದಿರೇ ಮೊದಲ ಅಂಗರಚನಾ ಶಾಸ್ತ್ರಜ್ಞರು' ಎಂದು ಇನ್ನೊಂದು ಉತ್ಸವ ಮಾಡುವ ಆಸೆ ನಮ್ಮಲ್ಲೂ ಇದೆ. ಅದರಲ್ಲಿ ಸತ್ಯ ಇದೆ. ಸತ್ತ ದನವನ್ನು ಬಿಚ್ಚಿದವರಿಗೆ ಗುಂಡಿಗೆ ಎಲ್ಲಿದೆ, ಪಿತ್ತಕೋಶ ಎಲ್ಲಿದೆ ಎಂದು ಪುಸ್ತಕ ಹೇಳಬೇಕಿರಲಿಲ್ಲ. ಆದರೆ ಆ ಜ್ಞಾನ ಅವರ ಮೇಲೆ ಹೇರಿದ ಕೆಲಸದಿಂದ ಬಂದದ್ದು ಎನ್ನುವುದನ್ನು ಮರೆತರೆ ನಾವೇ ಮನುವಿನ ವಕೀಲರಾಗುತ್ತೇವೆ. ನಮ್ಮಜ್ಜಿಯ ಕೈಗುಣವನ್ನು ನಾನು ಗೌರವಿಸುತ್ತೇನೆ. ನನ್ನ ತಂಗಿ ಸೂಲಗಿತ್ತಿಯಾಗಲಿ ಎಂದು ಬಯಸುವುದಿಲ್ಲ, ಹೆರಿಗೆಗೆ ಆಸ್ಪತ್ರೆಗೇ ಹೋಗಲಿ ಎನ್ನುತ್ತೇನೆ. ಅಜ್ಜಿಯ ಕೈಯಲ್ಲಿ ಉಳಿದವರೂ ಇದ್ದರು, ಉಳಿಯದವರೂ ಇದ್ದರು, ಅವಳ ಹೆತ್ತ ಮಕ್ಕಳೇ ಇಬ್ಬರು ಉಳಿಯಲಿಲ್ಲ. ಹಾಗಾಗಿ ನಾನು ಕೇಳುತ್ತಿರುವುದು ಪದಕ ಅಲ್ಲ, ಲೆಕ್ಕ. ಯಾರು ಮುಟ್ಟಿದರು, ಯಾಕೆ ಅವರೇ ಮುಟ್ಟಬೇಕಾಯಿತು, ಮುಟ್ಟಿದ್ದಕ್ಕೆ ಏನು ಸಿಕ್ಕಿತು, ಕಲಿತದ್ದನ್ನು ಯಾರು ತಮ್ಮ ಹೆಸರಿಗೆ ಬರೆದುಕೊಂಡರು ಎಂಬ ಲೆಕ್ಕ.

ಈ ಲೆಕ್ಕ ಬರೆಯುವುದು ಕನ್ನಡ ಮೇಷ್ಟ್ರಿಂದ ಆಗುವ ಕೆಲಸ ಅಲ್ಲ. ನಾನು ಮೂರು ಮಾತು ಓದಿದ್ದೇನೆ ಅಷ್ಟೆ. ಆ ಪುಸ್ತಕದ ಮುಂದಿನ ಅಧ್ಯಾಯಗಳಲ್ಲಿ ಕಕ್ಕಸಿನ ಬಗೆಗಳು, ಚರಂಡಿಯ ನಕ್ಷೆಗಳು ಇವೆ. ಗುಂಡಿಗೆ ಇಳಿಯುವವರು ಯಾರು ಎಂದು ಅಲ್ಲೂ ಕೇಳಬೇಕಾಗಿದೆ. 2010ರಲ್ಲಿ ಸವಣೂರಿನಲ್ಲಿ ನಮ್ಮ ಜನ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡದ್ದನ್ನು ಆ ನಕ್ಷೆಗಳ ಪಕ್ಕದಲ್ಲಿ ಇಟ್ಟು ಓದಬೇಕಾಗಿದೆ. ಇದನ್ನು ಮಾಡಬೇಕಾದವರು ನಮ್ಮ ಕೇರಿಗಳಿಂದ ಹೋಗಿ ಬಿಳಿ ಕೋಟು ಹಾಕಿಕೊಂಡಿರುವ ಹುಡುಗ ಹುಡುಗಿಯರು. ಅವರಿಗೆ ಪರೀಕ್ಷೆಯ ಕಾಟ, ಹಾಸ್ಟೆಲಿನ ಕಾಟ, ಮೆರಿಟ್ಟಿನ ಮಾತಿನ ಕಾಟ ಎಲ್ಲ ಇದೆ, ಗೊತ್ತು. ಆದರೂ ಮೊದಲ ಅಧ್ಯಾಯವನ್ನು ಎಕ್ಸಾಮಿಗೆ ಬರುತ್ತಾ ಅಂತ ಮಾತ್ರ ಕೇಳಿ ಮುಚ್ಚಿಡಬೇಡಿ. ಅದರ ಅಂಚಿನಲ್ಲಿ ಪೆನ್ಸಿಲ್ಲಿನಿಂದಾದರೂ ಬರೆಯಿರಿ. ಬರೆದದ್ದನ್ನು ಇಂಥ ಪತ್ರಿಕೆಗೆ ಕಳಿಸಿಕೊಡಿ.